ಗೆಜ್ಜೆ ಕಟ್ಟಿದ ಸಿಡಿಮದ್ದು

ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುವ ಅವಳಿಗೆ ಸಿಡಿಮದ್ದು ಎಂದೇ ಹೆಸರು. ಕೋಪ ಸದಾ ಮೂಗಿನ ತುದಿಯಲ್ಲಿ. ಬ್ಯೂರೆಟ್ಟಿನ ಗಾಜಿನ ನಳಿಗೆಯಿಂದ ಆ್ಯಸಿಡ್ ಹನಿ ಇಳಿಸುವಾಗಲೂ ಅವಳ ಹಿಮ್ಮಡಿ ತಾಳ ಹಾಕುತ್ತಿರುತ್ತದೆ. "ಏನಮ್ಮಾ, ಆ್ಯಸಿಡ್ಡೂ ಕುಣೀಬೇಕಾ?" ಎಂದು ಮೇಷ್ಟ್ರು ಚುಚ್ಚುತ್ತಾರೆ. ಸಂಜೆ ನೃತ್ಯಶಾಲೆಗೆ ಹೋದರೆ ಅಲ್ಲಿನ ಟೀಚರ್, "ನೀನು ಸೈನ್ಸ್ ಅಲ್ವೇನೇ, ಈ ಸ್ಪೀಕರ್ ರಿಪೇರಿ ಮಾಡು" ಎನ್ನುತ್ತಾರೆ. ಎರಡೂ ಕಡೆ ಹಲ್ಲು ಕಡಿಯುತ್ತಾಳೆ, ಎರಡನ್ನೂ ಬಿಡುವುದಿಲ್ಲ. ವಿಭಾಗಕ್ಕೆ ದೊಡ್ಡ ವಿಜ್ಞಾನಿಯೊಬ್ಬರು ಬಂದ ದಿನ ಮಾತ್ರ ಮೇಷ್ಟ್ರ ದನಿ ಬೆಣ್ಣೆಯಾಯಿತು: "ಒಂದು ಡ್ಯಾನ್ಸ್ ಮಾಡಿಬಿಡು ಪುಟ್ಟಾ." ಅವಳು ಗೆಜ್ಜೆ ಕಟ್ಟಿ ಬರುವಷ್ಟರಲ್ಲಿ, ಕುಣಿಯಲು ಜಾಗ ಸಾಲದೆಂದು ಅತಿಥಿಗೆ ತೋರಿಸಲು ನಿಲ್ಲಿಸಿದ್ದ ಅವಳ ಸಂಶೋಧನೆಯ ಪೋಸ್ಟರ್ ಹಲಗೆಯನ್ನೇ ಕಿತ್ತು ಮೂಲೆಗೆ ಒರಗಿಸಿದ್ದರು. ಅದನ್ನೆತ್ತಿ ನೇರವಾಗಿ ಅತಿಥಿಯ ಮುಂದೆ ಹಿಡಿದಳು. "ಮೊದಲು ಇದನ್ನ ಓದಿ ಸರ್. ಕುಣಿತ ಆಮೇಲೆ." ಸದಾ ತಾಳ ಹಾಕುವ ಹಿಮ್ಮಡಿಯನ್ನು ನೆಲಕ್ಕೂರಿ ನಿಂತಳು, ಕಾಲಿನ ಒಂದು ಗೆಜ್ಜೆಯೂ ಅಲುಗಲಿಲ್ಲ.