ನಕ್ಷತ್ರದ ಅಲೆಗೆ ಅಂಜಿದ ಮನೆ

ಚಂದಾಪುರದಿಂದ ಬಸ್ಸಿನಲ್ಲಿ ಹೋಗಿ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ನೆಲದೊಳಗಿಂದ ಆಗಾಗ ಗುಡುಗುಡು ಸದ್ದು ಬರತೊಡಗಿತು. ಕಲ್ಲುಗಣಿಯ ಸ್ಫೋಟ ಎಂದರು ಕೆಲವರು, ಭೂಕಂಪ ಎಂದರು ಕೆಲವರು.

ಅಂಥ ದಿನಗಳಲ್ಲೇ ನಾನು ಒಂಬತ್ತನೇ ತರಗತಿಗೆ, ಉತ್ಸಾಹ ತಡೆಯಲಾರದೆ, ಪಠ್ಯದಲ್ಲಿಲ್ಲದ್ದನ್ನು ಹೇಳಿದೆ. ಭಾರಿ ನಕ್ಷತ್ರವೊಂದರ ಇಂಧನ ತೀರಿದಾಗ ಅದರ ಒಡಲು ಕ್ಷಣಾರ್ಧದಲ್ಲಿ ಕುಸಿಯುತ್ತದೆ, ಆಕಾಶವೇ ನಡುಗಿ ಗುರುತ್ವದ ಅಲೆಗಳೇಳುತ್ತವೆ, ಅವು ನಮ್ಮ ಮೈಯೊಳಗಿಂದಲೇ ಹಾದುಹೋಗುತ್ತವೆ ಎಂದೆ. ಇಲ್ಲಿಗೆ ಬರುವಷ್ಟರಲ್ಲಿ ಅವು ಎಷ್ಟು ಕ್ಷೀಣವೆಂದರೆ, ಕುಸಿಯುವ ನಕ್ಷತ್ರದ ಅಲೆ ಇನ್ನೂ ಯಾವ ಯಂತ್ರಕ್ಕೂ ಸಿಕ್ಕಿಲ್ಲ ಎಂದು ಹೇಳುವ ಮೊದಲೇ ಗಂಟೆ ಹೊಡೆಯಿತು.

ಮೂರು ದಿನಗಳ ನಂತರ ಒಬ್ಬ ವಿದ್ಯಾರ್ಥಿನಿಯ ತಾಯಿ ಶಾಲೆಗೆ ಬಂದಳು.

"ಚುಕ್ಕಿ ಬಿದ್ದು ಭೂಮಿ ನಡುಗಲಿಕತ್ತದ ಅಂತ ಮಗಳು ಹೇಳ್ಯಾಳ್ರಿ. ನಮ್ಮತ್ತಿ ಮನಿಯೊಳಗ ಕಾಲಿಡವಲ್ಲರು. ಅಡಗಿ ಸುದ್ದಾ ಅಂಗಳದಾಗೇ. ನೀವೇ ಬಂದು ಹೇಳ್ರಿ."

ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತಿದ್ದ ಅಜ್ಜಿಗೆ, ನಕ್ಷತ್ರದ ಅಲೆಗೂ ಈ ಸದ್ದಿಗೂ ಸಂಬಂಧವಿಲ್ಲವೆಂದು ತಿಳಿಸಿ ಹೇಳಿದೆ. ಅವರು ನಂಬಲಿಲ್ಲ.

"ಹಂಗಾದ್ರ ನೀವು ಒಳಗ ಹೋಗಿ ಕುಂದ್ರಿ, ನೋಡೂಣ."

ಹುಡುಗಿಯ ಕೈಹಿಡಿದು ಒಳಗೆ ಹೋಗಿ ಕೂತೆ. ಕಲ್ಲುಚಪ್ಪಡಿಯ ಮೇಲೆ ಮಣ್ಣು ಮುಚ್ಚಿದ ಹಳೆಯ ಮಾಳಿಗೆಯ ಸೂರು. ಅವಳ ನೋಟ್‌ಬುಕ್ ತಿರುವುತ್ತಿದ್ದಾಗ ನೆಲದಡಿಯಿಂದ ಗುಡುಗು ಕೇಳಿತು. ಗೂಡಿನ ಪಾತ್ರೆಗಳು ಸದ್ದು ಮಾಡಿದವು. ತಲೆಯ ಮೇಲೆ ಮಣ್ಣು ಉದುರಿತು. ಅಂಗಳಕ್ಕೆ ಬಂದು ನಿಂತಾಗಲೇ ನಾನು ಓಡಿದ್ದು ನನಗೆ ಗೊತ್ತಾದದ್ದು. ನನ್ನ ಕೈಯಲ್ಲಿ ಹುಡುಗಿಯ ಕೈ ಇರಲಿಲ್ಲ.

"ಹೊರಗ ಬಾ, ಯವ್ವಾ!" ಅಜ್ಜಿ ಚೀರಿದರು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಅವಳ ಕೂದಲೆಲ್ಲ ಮಣ್ಣಾಗಿತ್ತು. ಮಾಳಿಗೆಯ ಒಂದು ಚಪ್ಪಡಿ ಗೋಡೆಯಿಂದ ಜಾರಿ ನಿಂತಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ನಾನೇ ಅಜ್ಜಿಯ ಮುಂದೆ ಕೂತು, "ತಪ್ಪಾಯ್ತ್ರಿ. ಚುಕ್ಕಿ ಅಲಿಯಿಂದ ಏನೂ ಆಗಂಗಿಲ್ಲ, ಖರೇ. ಆದ್ರ ಈ ಮನಿಯಾಗ ಇರಬ್ಯಾಡ್ರಿ," ಎಂದೆ.

"ನಾ ಅದೇ ಹೇಳಲಿಕತ್ತಿದ್ನಲ್ಲ," ಎಂದರು ಅವರು.

ಆ ತಿಂಗಳೆಲ್ಲ ಶಾಲೆಯ ಬಯಲಿನಲ್ಲೇ ಪಾಠ ಮಾಡಿದೆ. ಹುಡುಗಿ ಮೊದಲಿನಂತೆ ಮುಂದಿನ ಸಾಲಿನಲ್ಲೇ ಕೂತು ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಹೇಳುವಾಗ ಅವಳ ಮುಖ ನೋಡುವುದು ಬಹಳ ದಿನಗಳವರೆಗೆ ನನ್ನಿಂದ ಸಾಧ್ಯವಾಗಲಿಲ್ಲ.