ಬೊಳ್ಳಜ್ಜಿಯ ಹತ್ತು ಸೆಂಟು

ಬುಧವಾರ ಬೆಳಿಗ್ಗೆ ಮಂಗಳೂರಿನಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿದ್ದದ್ದು ಹೊಲಿಗೆ ಯಂತ್ರದ ಒಂದಿಷ್ಟು ಬಿಡಿಭಾಗ, ಒಂದು ಜೊತೆ ಬಟ್ಟೆ ಮತ್ತು ಭೂ ಟ್ರಿಬ್ಯೂನಲ್‌ನಿಂದ ಹಿಂದಿನ ದಿನ ಬಂದ ತಂತಿ. ‘ಗುರುವಾರ ಹನ್ನೊಂದಕ್ಕೆ ವಿಚಾರಣೆ. ಬೊಳ್ಳಿಯನ್ನು ಕರೆತನ್ನಿ.’ ಅಷ್ಟೇ ಇತ್ತು. ಅಷ್ಟಕ್ಕೇ ನಾನು ಯಂತ್ರದ ಅಂಗಡಿಯಲ್ಲಿ ಚೌಕಾಸಿ ಬಿಟ್ಟು ಓಡಿ ಬಂದಿದ್ದೆ.

ನಾನು ಪಿರಿಯಾಪಟ್ಟಣದವಳು. ಕೇರಳದ ವಯನಾಡಿನ ಮಾನಂತವಾಡಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ ಒಂಬತ್ತು ವರ್ಷವಾದರೂ ಅಲ್ಲಿಯವರಿಗೆ ಇನ್ನೂ ‘ಮೈಸೂರುಕಾರಿ’ಯೇ. ಭೂ ಟ್ರಿಬ್ಯೂನಲ್‌ನವರು ನನ್ನನ್ನು ದುಭಾಷಿಯಾಗಿ ಕರೆದದ್ದೂ ಅದಕ್ಕೇ. ಬೇಗೂರು ಕಾಡಂಚಿನ ಬೊಳ್ಳಜ್ಜಿ ಜೇನುಕುರುಬರವಳು. ಅವಳಿಗೆ ಮಲಯಾಳ ಅಷ್ಟಕ್ಕಷ್ಟೆ. ಅವಳ ಮಾತು ನಮ್ಮ ಕಡೆಯ ಕನ್ನಡಕ್ಕೆ ಹತ್ತಿರ. ಗುಡಿಸಲಲ್ಲಿ ಬದುಕುವವರಿಗೆ ಅದರ ಸುತ್ತಲಿನ ಹತ್ತು ಸೆಂಟು ನೆಲ ಸಲ್ಲಬೇಕೆಂದು ಹೊಸ ಕಾನೂನು ಹೇಳಿತ್ತು. ಅದು ಗುಡಿಸಲೇ ಅಲ್ಲ, ಬೆಳೆ ಕಾಯುವ ಚಪ್ಪರ, ಮುದುಕಿ ಬಂದು ಹೋಗುತ್ತಾಳೆ ಅಷ್ಟೆ ಎಂದು ಜಮೀನ್ದಾರರು ಹೇಳಿದ್ದರು. ಅವರ ಮಾತು ನಿಂತರೆ ಮಳೆಗಾಲಕ್ಕೆ ಮುಂಚೆ ಗುಡಿಸಲು ಕೀಳಿಸುತ್ತಿದ್ದರು, ಅಜ್ಜಿ ಬೀದಿಗೆ ಬೀಳುತ್ತಿದ್ದಳು.

ರೈಲಿನಲ್ಲಿ ಎದುರು ಕುಳಿತಿದ್ದ ಯಜಮಾನರು ನಾನು ಹೋಗುವ ಊರು ಕೇಳಿ ಗಾಬರಿಯಾದರು. “ಈಗ ವಯನಾಡಿಗಾ? ಅಲ್ಲಿ ನಕ್ಸಲರು ತಲೆ ಕಡೀತಾರಂತಲ್ಲಮ್ಮ!”

“ನನ್ನ ತಲೆ ಕಡಿದರೆ ಅವರಿಗೆ ಸಿಗೋದು ರವಿಕೆ ಅಳತೆ ಮಾತ್ರ ಸ್ವಾಮಿ,” ಎಂದೆ.

ತಲಶೇರಿಯಲ್ಲಿ ಸೆಕೆಯೋ ಸೆಕೆ. ನಿಲ್ದಾಣದ ಹೊರಗೆ ಪುಟ್ಟು, ಕಡಲೆ ತಿಂದು ಬಸ್ಸು ಹಿಡಿದೆ. ಐವತ್ತು ಮೈಲಿ, ಮೂರು ರೂಪಾಯಿ ಚಿಲ್ಲರೆ. ಘಾಟಿಯ ತಿರುವುಗಳಲ್ಲಿ ಮುಂದಿನ ಸೀಟಿನ ಹೆಂಗಸು ನಿಂಬೆಹಣ್ಣು ಮೂಸುತ್ತ ದೇವರನ್ನು ಕರೆಯುತ್ತಿದ್ದಳು. ಮೇಲೆ ಹತ್ತಿದ ಮೇಲೆ ತಂಪು ಗಾಳಿ ಬೀಸಿತು. ಜೊತೆಗೆ ಪೊಲೀಸರೂ ಸಿಕ್ಕರು. ಎರಡು ಕಡೆ ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸಿದರು. ನನ್ನ ಯಂತ್ರದ ಶಟಲ್ಲನ್ನು ಒಬ್ಬ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. “ಬಾಂಬಲ್ಲ ಸಾರ್, ಲಂಗ ಹೊಲಿಯುತ್ತೆ,” ಎಂದೆ. ನಗಲಿಲ್ಲ ಪುಣ್ಯಾತ್ಮ.

ರಾತ್ರಿ ಮಾನಂತವಾಡಿಯಲ್ಲಿ ಮಲಗಿ, ಗುರುವಾರ ಕುಟ್ಟದ ಕಡೆಗೆ ಹೊರಡುವ ಮೊದಲ ಬಸ್ಸಿನಲ್ಲಿ ಹೋಗಿ ಬೇಗೂರಿನಲ್ಲಿಳಿದು ಒಂದು ಮೈಲಿ ನಡೆದೆ. ಅಜ್ಜಿ ವಿಚಾರಣೆಯ ನೋಟೀಸು ಕೈಯಲ್ಲಿ ಹಿಡಿದು ಸಿದ್ಧವಾಗಿ ಕೂತಿದ್ದಳು, ನಾನದನ್ನು ಚೀಲಕ್ಕೆ ಹಾಕಿಕೊಂಡೆ. ಬೇಯಿಸಿದ ಮರಗೆಣಸು, ಅರೆದ ಕಾಂತಾರಿ ಮೆಣಸು ಕೊಟ್ಟಳು. ಅಂಗಳದಲ್ಲಿ ಕೆದಕುತ್ತಿದ್ದ ಕೋಳಿ ನೋಡಿ, “ಚೆನ್ನಾಗಿದೆಯಲ್ಲ, ಯಾರದಜ್ಜಿ?” ಎಂದೆ.

“ತಂಬ್ರಾಂದು,” ಎಂದಳು. ತಂಬ್ರಾನ್ ಎಂದರೆ ಜಮೀನ್ದಾರರು.

“ಈ ಗೆಣಸು?”

“ಅದೂ ತಂಬ್ರಾಂದೇ ಮೋಳೇ.” ನನ್ನನ್ನು ಅವಳು ಮಲಯಾಳದಲ್ಲಿ ‘ಮಗಳೇ’ ಎಂದೇ ಕರೆಯುವುದು.

ಇದೇ ಮಾತನ್ನು ಕಚೇರಿಯಲ್ಲಿ ಆಡಿದರೆ ಕಥೆ ಮುಗಿಯಿತು. “ನೀನು ಸಾಕಿದ ಕೋಳಿ, ನೀನು ನೆಟ್ಟ ಗೆಣಸು! ನಂದು ಅನ್ನು ಅಜ್ಜಿ, ಒಂದ್ಸಲ ಅನ್ನು.”

“ಚಿಕ್ಕೋಳಿದ್ದಾಗ ಒಂದ್ಕಿತ ಅಂದಿದ್ದೆ. ಹುಣಸೆ ಬರ್ಲಲ್ಲಿ ಬಾಯ್ಮೇಲೇ ಹೊಡುದ್ರು. ಆಮೇಕೆ ನಾಲ್ಗೆ ಆ ಕಡೀಕೆ ತಿರುಗ್ನಿಲ್ಲ ಬುಡು.” ನಗುತ್ತಲೇ ಹೇಳಿದಳು.

ರಸ್ತೆಗೆ ನಡೆದು ಬರುವಷ್ಟರಲ್ಲಿ ಒಂಬತ್ತರ ಬಸ್ಸು ಬಂತು. ಅವಳು ಹತ್ತಿದವಳೇ ಹಿಂದೆ ಹೋಗಿ ನೆಲದ ಮೇಲೆ ಕೂತಳು. ಅವಳ ಜನರೆಲ್ಲ ಹಾಗೇ ಕೂರುವುದು. ನಾನು ರಟ್ಟೆ ಹಿಡಿದು ಎಬ್ಬಿಸಿ ನನ್ನ ಪಕ್ಕ ಕೂರಿಸಿದೆ.

“ಚೇಚೀ, ಸೀಟು ಬೇರೆಯವರಿಗೆ ಬೇಕಲ್ಲ,” ಎಂದ ಕಂಡಕ್ಟರು.

“ಎಂಬತ್ತು ಪೈಸೆ ಟಿಕೆಟ್ಟು ತಾನೆ? ಅವಳದ್ದೂ ಎಂಬತ್ತೇ. ನೆಲಕ್ಕೆ ಕಡಿಮೆ ರೇಟಿದ್ದರೆ ಹೇಳು, ನಾನೂ ಅಲ್ಲೇ ಕೂರುತ್ತೇನೆ.” ಅವನು ಗೊಣಗುತ್ತ ಮುಂದೆ ಹೋದ.

ನಾಲ್ಕು ಮೈಲಿ ದಾಟಿದ್ದೆವು, ಮತ್ತೆ ಪೊಲೀಸರು. ಕಾಡಿನ ಜನರೆಲ್ಲ ಇಳಿಯಬೇಕು, ನಕ್ಸಲರಿಗೆ ಅನ್ನ ಹಾಕುವವರು ಇವರೇ ಎಂದರು. ಐದಾರು ಮಂದಿ ತೆಪ್ಪಗೆ ಇಳಿದರು. ಅಜ್ಜಿಯೂ ಎದ್ದಳು. ನಾನು ಅವಳ ಸೆರಗು ಬಿಡಲಿಲ್ಲ.

“ಇವಳಿಗೆ ಹನ್ನೊಂದಕ್ಕೆ ಸರ್ಕಾರಿ ವಿಚಾರಣೆ ಇದೆ. ಇಳಿಸುವುದಾದರೆ ಇಳಿಸಿದೆ ಎಂದು ಹೆಸರು ಬರೆದು ರುಜು ಹಾಕಿಕೊಡಿ,” ಎಂದು ನೋಟೀಸು ಮುಂದೆ ಹಿಡಿದೆ. ಪೊಲೀಸನೊಬ್ಬ ನೋಟೀಸು ನೋಡಿದ, ನನ್ನ ಮುಖ ನೋಡಿದ, ಬಸ್ಸಿನ ತಗಡು ಬಡಿದು ‘ಪೋಟ್ಟೆ’, ಹೋಗಲಿ, ಎಂದ. ಇಳಿದ ಆ ಐದಾರು ಮಂದಿ ರಸ್ತೆಯಲ್ಲೇ ಉಳಿದರು. ಅವರಿಗಾಗಿ ನಾನು ಬಾಯಿ ತೆರೆಯಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಹತ್ತೂ ಮುಕ್ಕಾಲಿಗೆ ಮಾನಂತವಾಡಿ ತಲುಪಿದೆವು. ಕಚೇರಿಯಲ್ಲಿ ಜಮೀನ್ದಾರರ ಕಾರ್ಯಸ್ಥ ಕೊಡೆ ಊರಿಕೊಂಡು ಆರಾಮವಾಗಿ ಕೂತಿದ್ದ. ಅಧಿಕಾರಿಯ ಮೊದಲ ಪ್ರಶ್ನೆಯೇ, “ಆ ಗುಡಿಸಲು ಯಾರದು?” ನಾನು ಕನ್ನಡದಲ್ಲಿ ಕೇಳಿದೆ.

ಅಜ್ಜಿ ಕೈಮುಗಿದು, “ತಂಬ್ರಾಂದು,” ಎಂದಳು.

ಅದಕ್ಕೆ ದುಭಾಷಿಯೇ ಬೇಕಿರಲಿಲ್ಲ. ಗುಮಾಸ್ತ ಲೇಖನಿ ಎತ್ತಿದ, ಕಾರ್ಯಸ್ಥ ಮೀಸೆಯಲ್ಲೇ ನಕ್ಕ.

“ಬರೆಯಬೇಡಿ ಸಾರ್!” ಎಂದೆ.

“ನೀವು ದುಭಾಷಿ, ವಕೀಲರಲ್ಲ,” ಎಂದರು ಅಧಿಕಾರಿ.

“ಅರ್ಥ ಹೇಳುವುದೇ ನನ್ನ ಕೆಲಸ ಸಾರ್. ಇನ್ನೆರಡು ಪ್ರಶ್ನೆ ಕೇಳಲು ಬಿಡಿ, ಅರ್ಥ ತಿಳಿಯುತ್ತೆ.” ಅವರು ತಲೆಯಾಡಿಸಿದರು. ನಾನು ಅಜ್ಜಿಯ ಮಂಡಿ ಮುಟ್ಟಿ, “ಇದು ಯಾರದು?” ಎಂದೆ.

“ತಂಬ್ರಾಂದು.”

“ತೀರಿಹೋದ ನಿನ್ನ ಗಂಡ?”

“ಅವ್ನೂ ತಂಬ್ರಾಂದೇ ಮೋಳೇ.”

ಅಧಿಕಾರಿ ಕನ್ನಡಕ ತೆಗೆದು ಕಾರ್ಯಸ್ಥನ ಕಡೆ ತಿರುಗಿದರು. “ಈ ಮಂಡಿಯೂ ನಿಮ್ಮ ಪಟ್ಟಾದಲ್ಲಿದೆಯೇ?” ಆಮೇಲೆ ಅವನನ್ನೇ ಕೇಳಿದರು, “ಗುಡಿಸಲಿನ ಬಾಗಿಲು ಯಾವ ದಿಕ್ಕಿಗಿದೆ?”

“ಪೂರ್ವಕ್ಕೆ,” ಎಂದ ಅವನು.

ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಜ್ಜಿ ಗೊಳ್ಳೆಂದು ನಕ್ಕಳು. “ಮೂಡ್ಲಾಗಿಂದ ಆನೆ ಬತ್ತದೆ! ಬಾಗ್ಲ ಅತ್ಲಾಗ್ ಯಾವನಾರ ಮಡಗ್ತನಾ? ತೆಂಕ್ಲಾಗದೆ. ಬಿದಿರ ಕಡ್ದೋಳು ನಾನು, ಮಣ್ಣ ಮೆತ್ತಿದೋಳು ನಾನು. ಗಂಡ ಸತ್ತ ವರ್ಸ ಹಿಂದ್ಲ ಗ್ವಾಡೆ ಬಿದ್ದೋಗಿ ಒಬ್ಳೇ ಎತ್ತುದೆ.” ಬಾಗಿಲಿಂದ ಬಾವಿಗೆಷ್ಟು ಹೆಜ್ಜೆ, ಯಾವ ಮೂಲೆ ಸೋರುತ್ತದೆ ಎಲ್ಲ ಹೇಳಿದಳು. ನಾನು ಒಂದಕ್ಷರ ಬಿಡದೆ ಮಲಯಾಳಕ್ಕೆ ತಂದೆ. ಕಾರ್ಯಸ್ಥ ಕೊಡೆಯ ಹಿಡಿ ತಿರುಗಿಸುತ್ತ ಕೂತಿದ್ದ.

ಅವಳ ವಾಸ ಅಲ್ಲೇ ಎಂದು ಅಧಿಕಾರಿ ಬರೆಸಿದರು. ಹತ್ತು ಸೆಂಟು ಅವಳಿಗೇ. ಹೆಬ್ಬೆಟ್ಟು ಒತ್ತಿಸಲು ಗುಮಾಸ್ತ ರೂಢಿಯಂತೆ ಅವಳ ಬೆರಳನ್ನು ಗಬಕ್ಕನೆ ಹಿಡಿದು ಶಾಯಿಗೆ ಎಳೆದ. ಅಜ್ಜಿ ಕೈ ಕಿತ್ತುಕೊಂಡಳು.

“ಬುಡು ಸಾಮಿ. ಬೆಟ್ಟು ನಂದು. ನಾನೇ ಒತ್ತೀನಿ.”

ಅದನ್ನು ಮಲಯಾಳದಲ್ಲಿ ಹೇಳಿ ಎಂದು ಯಾರೂ ಕೇಳಲಿಲ್ಲ. ನಾನೇ ಎದ್ದು ನಿಂತು, ವರಾಂಡದಲ್ಲಿದ್ದವರಿಗೂ ಕೇಳುವ ಹಾಗೆ ಹೇಳಿದೆ.