ಎಣ್ಣೆ ಮಾವನ ಬ್ರೇಕು

ನಮ್ಮ ಮಾವನಿಗೆ ಎಣ್ಣೆ ಮಾವ ಅಂತಲೇ ಹೆಸರು. ಹೊಸಬರು ಈ ಹೆಸರು ಕೇಳಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು ಮೂಗು ಅರಳಿಸುತ್ತಾರೆ. ಅವರದೇನೂ ತಪ್ಪಿಲ್ಲ. ಎಣ್ಣೆ ಅನ್ನುವ ಮಾತು ಅಡುಗೆಮನೆಯಲ್ಲಿರುವ ತನಕ ಮರ್ಯಾದಸ್ಥ. ಸಂಜೆ ಗೆಳೆಯರ ಬಾಯಿಗೆ ಬಿತ್ತೋ, ಅದರ ಅರ್ಥವೇ ತೂರಾಡತೊಡಗುತ್ತದೆ. ಮಾವ ಮಾತ್ರ ಆ ಎಣ್ಣೆಯನ್ನು ಜನ್ಮದಲ್ಲಿ ಮೂಸಿ ನೋಡಿದವನಲ್ಲ. ಅವನದು ಯಂತ್ರಕ್ಕೆ ಬಿಡುವ ಎಣ್ಣೆ. ಉದ್ದ ಮೂತಿಯ, ತಳ ಒತ್ತಿದರೆ ಟಕ್ ಅನ್ನುವ ಪುಟ್ಟ ತಗಡಿನ ಡಬ್ಬಿಯೊಂದು ಅವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ. ಜೇಬಿನ ಕೆಳಗೆ ಸದಾ ಒಂದು ಕಲೆಯೂ ಇರುತ್ತದೆ.

ಮಾವನ ಕಸುಬು ಬೀಗ ರಿಪೇರಿ. ಬೀಗದಕೈ ಕಳೆದುಕೊಂಡವರು, ಒಳಗೆ ಚಿಲಕ ಬಿದ್ದು ಹೊರಗೆ ನಿಂತವರು, ಕಪಾಟು ತೆಗೆಯಲಾಗದೆ ಹಲ್ಲು ಕಡಿಯುವವರು, ಎಲ್ಲರೂ ಅವನಿಗೇ ಫೋನ್ ಮಾಡುತ್ತಾರೆ. ಬೀಗಕ್ಕೆ ಕಿವಿಯಿಟ್ಟು ಒಳಗಿನ ಟಿಕ್ಕು ಟಕ್ಕು ಕೇಳಿಸಿಕೊಂಡೇ ತೆಗೆಯುವವನಾದ್ದರಿಂದ ಅವನ ಕಿವಿ ಬಲು ಸೂಕ್ಷ್ಮ. ತಾಳ್ಮೆಗೂ ಅವನಿಗೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. ಕೀಚಲು ಸದ್ದು ಎಲ್ಲೇ ಕೇಳಲಿ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನೆಂಟರ ಮನೆಯ ಬಾಗಿಲು ಕಿರುಗುಟ್ಟಿದರೆ ಅವನು ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲೇ ತಿರುಗಣಿಗೆ ಎಣ್ಣೆ ಬಿದ್ದಿರುತ್ತದೆ. ಆಸ್ಪತ್ರೆಯಲ್ಲಿ ರೋಗಿ ಮಲಗಿದ್ದ ಸ್ಟ್ರೆಚರನ್ನು ತಡೆದು ನಿಲ್ಲಿಸಿ ಚಕ್ರಕ್ಕೆ ಎಣ್ಣೆ ಬಿಟ್ಟು ಡಾಕ್ಟರ ಕೈಲಿ ಬೈಸಿಕೊಂಡ ಮಹಾನುಭಾವ ಇವನು. ರೋಗಿ ಥ್ಯಾಂಕ್ಸ್ ಹೇಳಿದ ಅಂತ ಮಾವನ ವಾದ. ರೋಗಿಗೆ ಆಗ ಪ್ರಜ್ಞೆಯೇ ಇರಲಿಲ್ಲ ಅಂತ ಅತ್ತೆಯ ಸಾಕ್ಷಿ.

ಅತ್ತೆ ಅಂದರೆ ಮಾವನ ಹೆಂಡತಿ, ನನ್ನ ಅಪ್ಪನ ತಂಗಿ. ಮಾರುಕಟ್ಟೆ ಬೀದಿಯಲ್ಲಿ ಅವಳದೊಂದು ಪಾರ್ಲರ್ ಇದೆ. ಎರಡು ಕುರ್ಚಿ, ಎರಡು ಕನ್ನಡಿ, ಸಹಾಯಕ್ಕೆ ಅವರ ಮನೆಯಲ್ಲೇ ಇರುವ ನಾನು. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಅತ್ತೆಯ ಕೈ ಕೆಳಗೆ ಕಣ್ಣೀರು ಹಾಕಿಕೊಂಡೇ ಅವಳ ಮಾತಿಗೆ ನಗುತ್ತಾರೆ. ಹೇಳುವುದನ್ನು ಮುಖದ ಮೇಲೆ ಹೇಳಿಬಿಡುವ ಹೆಂಗಸು.

ಲೋಕಕ್ಕೆಲ್ಲ ಎಣ್ಣೆ ಬಿಡುವ ಮಾವ ಹೆಂಡತಿಗೆ ಮಾತ್ರ ಬೆಣ್ಣೆ ಹಚ್ಚುತ್ತಿದ್ದ. "ಬಚ್ಚಲ ನಲ್ಲಿ ಸೋರ್ತಿದೆ ರೀ" ಎಂದು ಅತ್ತೆ ಅಂದರೆ, "ಇವತ್ತು ಜಡೆ ಏನು ಚೆಂದ ಹಾಕ್ಕೊಂಡಿದೀಯೇ" ಅನ್ನುತ್ತಿದ್ದ. "ರಾತ್ರಿಯೆಲ್ಲ ಗೊರಕೆ ಹೊಡೀತೀರಿ" ಅಂದರೆ, "ನೀನು ಪಕ್ಕದಲ್ಲಿದ್ರೆ ನಂಗೆ ಅಷ್ಟು ನೆಮ್ಮದಿ, ಏನ್ಮಾಡ್ಲಿ?" ಅನ್ನುತ್ತಿದ್ದ. ಅತ್ತೆಗೆ ನಗು ಬಂದುಬಿಡುತ್ತಿತ್ತು. ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಇನ್ನು ಮಾವನ ಮೋಟಾರ್‌ಸೈಕಲ್ಲು. ಬೆಳಿಗ್ಗೆ ಎದ್ದು ತನ್ನ ಮುಖ ತೊಳೆಯುವ ಮೊದಲು ಅದರ ಮುಖ ಒರೆಸುತ್ತಿದ್ದ. ಟ್ಯಾಂಕಿನಲ್ಲಿ ನೋಡಿಕೊಂಡು ತಲೆ ಬಾಚಬಹುದಿತ್ತು. ಆದರೆ ಟೈರಿಗೆ ಕೊನೆಯ ಸಲ ಗಾಳಿ ತುಂಬಿಸಿದ್ದು ಯಾವಾಗ ಅಂತ ಕೇಳಿದರೆ ಆಕಾಶ ನೋಡುತ್ತಿದ್ದ. ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಆ ಗಾದೆಗೆ ಎರಡು ಚಕ್ರ ಜೋಡಿಸಿದರೆ ಮಾವನ ಗಾಡಿ. ದಿನಾ ಬೆಳಿಗ್ಗೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಪಾರ್ಲರ್‌ಗೆ ಬಿಟ್ಟು, ಆಮೇಲೆ ಬೀಗಗಳ ಕಡೆಗೆ ಹೊರಡುತ್ತಿದ್ದ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರುತ್ತಿತ್ತು. ಅದು ಅತ್ತೆಯ ಕಾಯಿದೆ. ಆ ಒಂದು ವಿಷಯದಲ್ಲಿ ಬೆಣ್ಣೆ ನಡೆಯುತ್ತಿರಲಿಲ್ಲ.

ಕೆಲವು ದಿನಗಳಿಂದ ಬ್ರೇಕು ಹಿಡಿದಾಗಲೆಲ್ಲ ಮುಂದಿನ ಚಕ್ರ ಕೀಚ್ ಅನ್ನತೊಡಗಿತ್ತು. "ಏನೋ ಸವೆದಿರಬೇಕು, ಮೆಕ್ಯಾನಿಕ್ಕಿಗೆ ತೋರಿಸ್ರೀ" ಎಂದು ಅತ್ತೆ ಹೇಳಿದಳು. "ನಿನ್ನ ಕಿವಿ ನನ್ನ ಕಿವಿಗಿಂತ ಚುರುಕು ಕಣೇ" ಎಂದು ಮಾವ ಹೊಗಳಿದ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಹೊಗಳಿದ. ಅಲ್ಲಿಗೆ ತಪಾಸಣೆ ಮುಗಿಯಿತು.

ಒಂದು ಸೋಮವಾರ ಅತ್ತೆ ಗಾಡಿ ಹತ್ತಿ ಕುಳಿತಳು. ಬೀದಿ ದಾಟುವಷ್ಟರಲ್ಲಿ ಅವಳಿಗೆ ಅನ್ನಿಸಿತಂತೆ, ಇವತ್ತು ಕೀಚ್ ಇಲ್ಲ. ಕೊನೆಗೂ ತೋರಿಸಿಕೊಂಡು ಬಂದಿದ್ದಾರೆ ಅಂತ ಖುಷಿಯೂ ಆಯಿತಂತೆ. ಹಾಸಿಗೆ ಅಂಗಡಿಯ ತಿರುವಿನಲ್ಲಿ ಅಡ್ಡಲಾಗಿ ಒಂದು ಕೈಗಾಡಿ ಬಂತು. ಮಾವ ಮುಂದಿನ ಬ್ರೇಕು ಒತ್ತಿದ. ಬ್ರೇಕು ಹಿಡಿಯಲಿಲ್ಲ. ಗಾಬರಿಯಲ್ಲಿ ಹಿಂದಿನ ಬ್ರೇಕನ್ನು ಮೆಟ್ಟಿ ನಿಂತ. ಹಿಂದಿನ ಚಕ್ರ ಅಡ್ಡಡ್ಡ ಜಾರಿತು. ಗಾಡಿ ಕೈಗಾಡಿಯನ್ನು ತಪ್ಪಿಸಿಕೊಂಡು ಸೀದಾ ಅಂಗಡಿಯವನು ಬೀದಿಗೆ ಒಟ್ಟಿದ್ದ ಹಾಸಿಗೆಗಳೊಳಗೆ ನುಗ್ಗಿತು. ಮಾವ ಹಾಸಿಗೆಯ ಮೇಲೆ ಮೈಚಾಚಿ ಬಿದ್ದ. ಅತ್ತೆಗೆ ಹಾಸಿಗೆ ಸಿಗಲಿಲ್ಲ, ಕಲ್ಲಿನ ಮೆಟ್ಟಿಲು ಸಿಕ್ಕಿತು. ಹೆಲ್ಮೆಟ್ಟು ಮೆಟ್ಟಿಲಿಗೆ ಬಡಿದು ಗೀರುಬಿತ್ತು, ತಲೆ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು.

ಸುದ್ದಿ ಕೇಳಿ ನಾನು ಪಾರ್ಲರಿನಿಂದ ಓಡಿಹೋಗುವಷ್ಟರಲ್ಲಿ ಟ್ರಾಫಿಕ್ ಪೊಲೀಸಿನವನು ಬಂದಿದ್ದ. ಅತ್ತೆ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ಮಾವನ ಮುಖ ಸುಣ್ಣದ ಗೋಡೆಯಾಗಿತ್ತು. ಪೊಲೀಸಿನವನು ಅವನ ಸುತ್ತ ಒಂದು ಸುತ್ತು ಬಂದು ಕೇಳಿದ:

"ಏನ್ರೀ, ಎಣ್ಣೆ ಹಾಕಿದ್ರಾ?"

"ಹೂಂ ಸಾರ್" ಎಂದ ಮಾವ. "ಬೆಳಿಗ್ಗೆ ಹಾಕ್ದೆ."

"ಬೆಳಿಗ್ಗೆನೇ?"

"ನಾನು ಯಾವಾಗ್ಲೂ ಬೆಳಿಗ್ಗೆನೇ ಹಾಕೋದು ಸಾರ್. ಮೊದಲು ಒಂಚೂರು ಹಾಕ್ದೆ, ಸಾಲ್ಲಿಲ್ಲ. ಇನ್ನೊಂಚೂರು ಹಾಕ್ದೆ, ಆಮೇಲೆ ಆರಾಮಾಯ್ತು."

ಜನ ಸೇರಿತ್ತು. ಯಾರೋ ಕಿಸಕ್ಕೆಂದರು. ಪೊಲೀಸಿನವನಿಗೆ ಇಷ್ಟು ಸಜ್ಜನ ಕುಡುಕ ಹಿಂದೆಂದೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. "ಹಾಕ್ಕೊಂಡು ಹೆಂಡ್ತೀನ ಬೇರೆ ಹಿಂದೆ ಕೂರಿಸ್ಕೊಂಡ್ರಾ?" ಅಂದ.

"ಅವಳಿಗೆ ಹೇಳಿರ್ಲಿಲ್ಲ ಸಾರ್. ಅವಳ ಕತ್ತರಿಗೂ ನಾನೇ ಹಾಕೋದು."

ಪೊಲೀಸಿನವನು ಇನ್ನೇನೂ ಕೇಳದೆ ಯಂತ್ರ ತೆಗೆದು ಬಾಯಿಗೆ ಹಿಡಿದು ಊದಿಸಿದ. ಯಂತ್ರ ಸೊನ್ನೆ ತೋರಿಸಿತು. ಅಲ್ಲಾಡಿಸಿ ಮತ್ತೆ ಊದಿಸಿದ. ಮತ್ತೂ ಸೊನ್ನೆ. "ಇಲ್ಲಿ ನೋಡಿ, ನಿಜ ಹೇಳಿ. ಎಣ್ಣೆ ಎಲ್ಲಿಗೆ ಹಾಕಿದ್ರಿ?"

ಮಾವ ಜೇಬಿನಿಂದ ಡಬ್ಬಿ ತೆಗೆದು ತೋರಿಸಿದ. "ಬ್ರೇಕಿಗೆ ಸಾರ್. ಕೀಚ್ ಕೀಚ್ ಅಂತಿತ್ತು."

ಎಲ್ಲರೂ ಗೊಳ್ಳೆಂದು ನಕ್ಕರು. ಹಾಸಿಗೆ ಅಂಗಡಿಯವನು ತನ್ನ ನಷ್ಟ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪುಣ್ಯಾತ್ಮ, ಇದಕ್ಕಿಂತ ನೀವು ಕುಡಿದಿದ್ರೇ ವಾಸಿಯಿತ್ತು" ಎಂದ ಪೊಲೀಸಿನವನು. ನನಗೂ ನಗು ಒತ್ತರಿಸಿ ಬಂತು. ಅಷ್ಟರಲ್ಲಿ ಅತ್ತೆಯ ಮುಖ ಕಂಡಿತು. ಅವಳು ನಗಲಿಲ್ಲ, ಬೈಯಲಿಲ್ಲ. "ಬ್ರೇಕಿಗಾ?" ಎಂದಷ್ಟೇ ಕೇಳಿದಳು. ಆಮೇಲೆ ಮಾವನ ಕಡೆ ನೋಡದೆ ನನ್ನ ಹೆಗಲು ಹಿಡಿದು ಎದ್ದಳು.

ಗಾಡಿ ಮೆಕ್ಯಾನಿಕ್ಕಿನ ಹತ್ತಿರ ಹೋಯಿತು. ಮೆಕ್ಯಾನಿಕ್ಕು ಬಾಯಿಬಡುಕ, ಮಾವನ ಹಳೆಯ ಸ್ನೇಹಿತ. ಬಿಚ್ಚಿ ನೋಡಿ ಇಡೀ ಬೀದಿಗೆ ಕೇಳುವಂತೆ ಬೈದ. ಚಕ್ರದ ಜೊತೆ ಸುತ್ತುವ ಉಕ್ಕಿನ ಬಿಲ್ಲೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯಬೇಕಾದ ಪ್ಯಾಡು ಪೂರ್ತಿ ಸವೆದುಹೋಗಿತ್ತು. "ಸವೆದಿದೀನಿ, ಬದಲಾಯಿಸಪ್ಪಾ ಅಂತ ಅದು ಕಿರಿಚ್ಕೋತಿತ್ತು. ನೀನು ಅದರ ಬಾಯಿಗೆ ಎಣ್ಣೆ ಹುಯ್ದು ಸುಮ್ಮನಾಗಿಸಿದೀಯ! ಬೀಗ ತೆಗೆಯೋದಕ್ಕೆ ಜಾರಬೇಕು, ಬ್ರೇಕು ಹಿಡಿಯೋದಕ್ಕೆ ಉಜ್ಜಬೇಕು. ಇಷ್ಟೂ ಗೊತ್ತಾಗಲ್ವೇನೋ ನಿಂಗೆ?" ಎಂದ. ಹಳೆಯ ಪ್ಯಾಡು ಕಿತ್ತೆಸೆದು ಹೊಸದು ಹಾಕಿ, ಬಿಲ್ಲೆಯ ಎಣ್ಣೆ ಒಂದಿಷ್ಟೂ ಉಳಿಯದಂತೆ ತೊಳೆದು ಕೊಟ್ಟ.

ಅತ್ತೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವಳು ಹೇಳಿದ್ದು ಒಂದೇ ಮಾತು: "ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ."

ಅಂದಿನಿಂದ ಮಾವ ಬದಲಾದ. ಬದಲಾದವರ ಕಾಟ ಬದಲಾಗದವರ ಕಾಟಕ್ಕಿಂತ ಹೆಚ್ಚು. ದಿನಾ ಬೆಳಿಗ್ಗೆ ಗಾಡಿಯನ್ನು ನಿಲ್ಲಿಸಿಕೊಂಡು ಟೈರಿನ ಗಾಳಿ ನೋಡುವುದು, ಟೈರಿಗೆ ಮೊಳೆ ಗಾಜು ಚುಚ್ಚಿದೆಯೋ ಅಂತ ಕೈಯಾಡಿಸುವುದು, ಎಂಜಿನ್ ಬಂದ್ ಮಾಡಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಚೈನು ಒರೆಸುವುದು, ಅದಕ್ಕೆ ಮಾತ್ರ, ಅದೂ ಅಳೆದು ಸುರಿದು, ಎಣ್ಣೆ ಬಿಡುವುದು. ದೀಪ ಹತ್ತುತ್ತದೆಯೋ ನೋಡಲು ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದ. ಹಾರ್ನ್ ಪರೀಕ್ಷೆಗೆ ಇಡೀ ಬೀದಿ ಏಳುತ್ತಿತ್ತು. ಹೊರಡುವ ಮುನ್ನ ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ಬ್ರೇಕು ಒತ್ತಿ ನೋಡುತ್ತಿದ್ದ, ಮತ್ತೆ ತಳ್ಳಿ ಮತ್ತೆ ಒತ್ತುತ್ತಿದ್ದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ, ಕೊನೆಗೂ ಮಾವನ ಎಣ್ಣೆ ಸರಿಯಾದ ಜಾಗಕ್ಕೆ ಬಿತ್ತು ಅಂತ ನಾನು ಆಡಿಕೊಂಡೆ.

ಆದರೆ ಹಿಂದಿನ ಸೀಟು ಖಾಲಿ. ಅತ್ತೆ ಬಸ್ಸು ಹತ್ತಿದರೆ ಮಾವ ಬಸ್ಸಿನ ಹಿಂದೆಯೇ ಗಾಡಿಯಲ್ಲಿ ಬರುತ್ತಿದ್ದ. ಬಸ್ಸು ನಿಂತಲ್ಲೆಲ್ಲ ಅವನೂ ನಿಲ್ಲುತ್ತಿದ್ದ. ಅತ್ತೆಯ ಹೆಲ್ಮೆಟ್ಟು ಗೀರು ಬಿದ್ದಿತ್ತಲ್ಲ, ಪೆಟ್ಟು ತಿಂದ ಹೆಲ್ಮೆಟ್ಟು ಮತ್ತೆ ಕೆಲಸಕ್ಕೆ ಬಾರದು ಅಂತ ಹೊಸದೊಂದು ತಂದು ಹಿಂದಿನ ಸೀಟಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದ. ಅವಳು ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಪಾರ್ಲರಿನ ಶಟರ್ ಎತ್ತಿಟ್ಟು ಹೊರಟುಹೋಗುತ್ತಿದ್ದ. ಬಸ್ಸಿನ ಕಂಡಕ್ಟರ್ ಅತ್ತೆಗೆ, "ನಿಮ್ಮನೆಯವರಿಗೂ ಒಂದು ಟಿಕೆಟ್ ಹರೀಲಾ ಅಮ್ಮಾ?" ಎಂದು ಕೇಳಿದನಂತೆ. ಅತ್ತೆ ಕಿಟಕಿಯ ಆಚೆ ನೋಡಲಿಲ್ಲವಂತೆ. ಮಾವನನ್ನು ಎಷ್ಟು ಗೇಲಿ ಮಾಡಿದರೂ, ಆ ಖಾಲಿ ಸೀಟಿನ ಮೇಲಿನ ಹೆಲ್ಮೆಟ್ಟು ಕಂಡಾಗ ಮಾತ್ರ ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ.

ಅತ್ತೆಯ ಪ್ಲಾಸ್ಟರ್ ಬಿಚ್ಚಿದ ಮೇಲೂ ಬಸ್ಸೇ ಮುಂದುವರಿಯಿತು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾವ ಪಾರ್ಲರಿನೊಳಗೆ ಬಂದು ಗಿರಾಕಿಯ ಕುರ್ಚಿಯಲ್ಲೇ ಕುಳಿತ. ಅತ್ತೆ ಬಾಚಣಿಗೆ ತೊಳೆಯುತ್ತಿದ್ದಳು.

"ತಪ್ಪಾಯ್ತು ಕಣೇ" ಎಂದ.

"ಏನು ತಪ್ಪಾಯ್ತು?" ಎಂದಳು ಅತ್ತೆ.

ಮಾವ ಬಾಯಿ ತೆರೆದ. "ನಿನ್ನಂಥ ಹೆಂಡ್ತಿ..." ಅನ್ನುವಷ್ಟು ಬೆಣ್ಣೆ ಹೊರಗೆ ಬಂದೇಬಿಟ್ಟಿತ್ತು. ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿರಬೇಕು, ಅಲ್ಲಿಗೇ ನಿಲ್ಲಿಸಿದ.

"ಕೀಚ್ ಅಂತಿದೆ, ತೋರಿಸಿ ಅಂತ ನೀನು ಹೇಳಿದ್ದೆ. ನಂಗೂ ಕೇಳಿಸ್ತಿತ್ತು. ಯಾಕೆ ಅಂತ ನೋಡ್ಲಿಲ್ಲ. ಸದ್ದು ನಿಂತ್ರೆ ಸಾಕು ಅಂದ್ಕೊಂಡೆ."

ಅತ್ತೆ ಬಾಚಣಿಗೆ ಕೆಳಗಿಟ್ಟಳು. "ಕೈ ಮುರೀತು ಅಂತ ಕೋಪ ಅಲ್ಲ ರೀ. ಬಿದ್ದೋರಿಗೆ ಕೈ ಮುರಿಯುತ್ತೆ. ನಾನು ಏನು ಹೇಳಿದ್ರೂ ನೀವು ಇದನ್ನೇ ಮಾಡೋದು. ನಾನು ಸುಮ್ಮನಾದ್ರೆ ಸಾಕು ನಿಮಗೆ. ಯಾಕೆ ಹೇಳ್ತಿದೀನಿ ಅಂತ ಒಂದಿನ ಕೇಳಿದೀರಾ?" ಅವಳ ದನಿ ನಡುಗಿತು. ಅತ್ತೆಯ ದನಿ ನಡುಗಿದ್ದು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಈಗ ಕೇಳ್ತೀನಿ. ಹೇಳು" ಎಂದ ಮಾವ.

ಹೇಳಿದಳು. ಎಷ್ಟೋ ವರ್ಷದ್ದು ಕಟ್ಟೆ ಒಡೆದುಕೊಂಡು ಬಂತು. ಗೊರಕೆಯಿಂದ ಶುರುವಾಗಿ, ಊಟದ ಮೇಜಿನ ಮೇಲೆ ಹರಡಿದ ಬೀಗಗಳು, ಅವಳ ತಮ್ಮನಿಗೆ ಆಡಿದ ಮಾತು, ಯಾವುದೋ ಪ್ರವಾಸದಲ್ಲಿ ಅವಳನ್ನು ಸ್ಟೇಷನ್ನಿನಲ್ಲಿ ಬಿಟ್ಟು ಬೀಗದ ಅಂಗಡಿ ನೋಡಲು ಹೋಗಿದ್ದು, ಯಾವುದೂ ಬಿಟ್ಟುಹೋಗಲಿಲ್ಲ. ಮಾವನ ಕೈ ಎರಡು ಸಲ ಜೇಬಿನ ಕಡೆ ಹೋಗಿದ್ದು ನಾನು ಕಣ್ಣಾರೆ ನೋಡಿದೆ. ಎರಡು ಸಲವೂ ವಾಪಸು ಬಂತು. ಕೊನೆಗೆ ಅತ್ತೆ ಉಸಿರು ತೆಗೆದುಕೊಂಡು, "ಬಚ್ಚಲ ನಲ್ಲಿ ಇವತ್ತೂ ಸೋರ್ತಿದೆ" ಅಂದಳು. ಮಾವ ಎದ್ದು ಹೊರಟೇಹೋದ. ಸಿಟ್ಟು ಬಂತೇನೋ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಸಂಜೆ ಮನೆಗೆ ಹೋದರೆ ಬಚ್ಚಲಲ್ಲಿ ಸದ್ದಿಲ್ಲ. ಅತ್ತೆ ಅನುಮಾನದಿಂದ ನಲ್ಲಿಯ ಕೆಳಗೆ ಕೈಯಿಟ್ಟು ನೋಡಿದಳು, ಮೂಸಿಯೂ ನೋಡಿದಳು. ಎಣ್ಣೆಯಲ್ಲ, ಹೊಸ ವಾಷರ್ ಹಾಕಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ ಸ್ಟಾಪಿನಲ್ಲಿದ್ದೆವು. ಮಾವ ಎಂದಿನಂತೆ ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿಕೊಂಡು ಬಸ್ಸಿಗಾಗಿ ಕಾಯುತ್ತಿದ್ದ. ಬಸ್ಸು ಬಂತು. ಅತ್ತೆ ನನ್ನನ್ನು ಮುಂದೆ ತಳ್ಳಿದಳು. "ನೀನು ಹತ್ತು" ಅಂದಳು. ತಾನು ಗಾಡಿಯ ಹತ್ತಿರ ಹೋಗಿ, "ಹೆಲ್ಮೆಟ್ ಕೊಡಿ" ಅಂದಳು. ಮಾವ ಗಡಿಬಿಡಿಯಲ್ಲಿ ಎಳೆದಾಡಿದ. ಲೋಕದ ಬೀಗಗಳನ್ನೆಲ್ಲ ಬಿಚ್ಚಿದವನಿಗೆ ಹೆಲ್ಮೆಟ್ಟಿನ ಗಂಟು ಬಿಚ್ಚಲು ಆಗಲಿಲ್ಲ. ಅತ್ತೆಯೇ ಬಿಚ್ಚಿಕೊಂಡಳು. ಅಂದು ಮಾವ ಎಷ್ಟು ನಿಧಾನವಾಗಿ ಬಂದನೆಂದರೆ ಬಸ್ಸೇ ಮೊದಲು ಮುಟ್ಟಿತು.

ಅತ್ತೆ ಇಳಿದು ಒಳಗೆ ಹೋದ ಮೇಲೆ ನಾನು ಕೇಳಿದೆ: "ಹೇಗಿದೆ ಮಾವ ಗಾಡಿ?"

"ಮುಂದಿನ ಚಕ್ರ ಒಂಚೂರೂ ಸದ್ದಿಲ್ಲ ಪುಟ್ಟಿ. ಹಿಂದಿನ ಸೀಟು ಮಾತ್ರ ದಾರಿಯುದ್ದಕ್ಕೂ ಕೀಚ್ ಕೀಚ್. ನಿಧಾನ ರೀ, ಎಡಗಡೆ ನೋಡಿ ರೀ, ಇಂಡಿಕೇಟರ್ ಹಾಕಿ ರೀ..."

"ಮತ್ತೆ ಎಣ್ಣೆ ಬಿಡೋದಲ್ವಾ?"

ಮಾವ ಒಳಗಿನ ಕನ್ನಡಿಯ ಕಡೆ ಒಮ್ಮೆ ನೋಡಿದ. ಅವನ ಕಣ್ಣು ತುಂಬಿತ್ತು.

"ಹುಚ್ಚಿ, ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರೇನೇ?" ಅಂದ.